ರೈತರ ಪಾಠದ ಚಿತ್ರೀಕರಣಕ್ಕೆ ಎಂಥ ಕ್ಯಾಮರಾ ಬೇಕು?



ಮೆಕ್ಕೆಜೋಳದ ಸುಳಿಯನ್ನು ತಿನ್ನುವ ಸೈನಿಕ ಹುಳು ನಮ್ಮ ದೇಶದಲ್ಲಿ ಮೊದಲು ಕಂಡುಬಂದದ್ದು 2018ರಲ್ಲಿ, ಶಿವಮೊಗ್ಗದ ಸುತ್ತಿನ ಹೊಲಗಳಲ್ಲಿ. ಇದರ ತಲೆಯ ಮೇಲೆ ತಲೆಕೆಳಗಾದ ಇಂಗ್ಲಿಷ್ 'ವೈ' ಅಕ್ಷರದಂಥ ಗುರುತು ಇರುತ್ತದೆ. ಬಾಲದ ಹತ್ತಿರ ಚೌಕಾಕಾರದಲ್ಲಿ ನಾಲ್ಕು ಕಪ್ಪು ಚುಕ್ಕೆಗಳಿರುತ್ತವೆ. ಇದನ್ನು ಎಷ್ಟು ಬಾರಿ ಬಾಯಲ್ಲಿ ಹೇಳಿದರೂ ಒಮ್ಮೆ ಕಣ್ಣಾರೆ ಕಂಡಷ್ಟು ಮನಸ್ಸಿಗೆ ನಾಟುವುದಿಲ್ಲ. ಆದುದರಿಂದಲೇ ಬೇಸಾಯದ ಪಾಠಗಳನ್ನು ಚಿತ್ರೀಕರಿಸಿ ಮೊಬೈಲ್ ಫೋನಿನ ಮೂಲಕ ಹಂಚುವ ಪದ್ಧತಿ ಇಂದು ಬೆಳೆಯುತ್ತಿದೆ. ಇದು ಸ್ವಾಗತಾರ್ಹ. ಆದರೆ ಇದಕ್ಕಾಗಿ ಸಂಘದ ಹಣದಲ್ಲಿ ಕ್ಯಾಮರಾ ಕೊಳ್ಳುವ ಮಾತು ಬಂದಾಗ ಎಚ್ಚರಿಕೆ ಅತ್ಯವಶ್ಯಕ.

ಹೊಳಲ್ಕೆರೆ ತಾಲ್ಲೂಕಿನ ತಾಳ್ಯದಂಥ ಒಂದು ಹೋಬಳಿ ಕೇಂದ್ರವನ್ನು ಕಣ್ಣ ಮುಂದೆ ಇಟ್ಟುಕೊಳ್ಳಿ. ಅಲ್ಲಿನ ರೈತ ಉತ್ಪಾದಕರ ಕಂಪನಿಯೋ ಮಹಿಳಾ ಗುಂಪೋ ಒಂದು ಕೊಠಡಿಯನ್ನು ಸ್ಟುಡಿಯೋ ಮಾಡಲು ಹೊರಟಿದೆ ಎನ್ನೋಣ. ಕೈಯಲ್ಲಿರುವುದು 1 ಲಕ್ಷ ರೂಪಾಯಿ. ಅದು ಸದಸ್ಯರ ಷೇರು ಹಣ. ಬಿತ್ತನೆ ಬೀಜಕ್ಕೂ ಗೊಬ್ಬರಕ್ಕೂ ಬೇಕಾದ ಹಣವೂ ಅದೇ. ಅದನ್ನು ಪೂರ್ತಿಯಾಗಿ ಒಂದು ಕ್ಯಾಮರಾಕ್ಕೆ ಸುರಿಯುವುದು ತಪ್ಪು ಎಂಬುದು ನನ್ನ ಖಚಿತ ಅಭಿಪ್ರಾಯ.

ದೊಡ್ಡ ಕೇಂದ್ರದಿಂದ ಹಳ್ಳಿಯ ಕೊಠಡಿಗೆ

1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ ಉಪಗ್ರಹದ ಮೂಲಕ ಹಳ್ಳಿಗಳಿಗೆ ದೂರದರ್ಶನ ತಲುಪಿಸುವ 'ಸೈಟ್' ಪ್ರಯೋಗ ನಡೆಯಿತು. ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಲ್ಲಿ ಕರ್ನಾಟಕದ ಹಳ್ಳಿಗಳೂ ಸೇರಿದ್ದವು. ಆಗ ಕಾರ್ಯಕ್ರಮ ತಯಾರಿಸಲು ದೊಡ್ಡ ಸ್ಟುಡಿಯೋ ಬೇಕಿತ್ತು. ಹಳ್ಳಿಗರು ನೋಡುವವರು ಮಾತ್ರ ಆಗಿದ್ದರು. 2006ರಲ್ಲಿ ಬೆಂಗಳೂರಿನ ಮೈಕ್ರೋಸಾಫ್ಟ್ ಸಂಶೋಧನಾ ಕೇಂದ್ರದಲ್ಲಿ ಆರಂಭವಾದ 'ಡಿಜಿಟಲ್ ಗ್ರೀನ್' ಕೆಲಸವು ಬೇರೆ ದಾರಿ ಹಿಡಿಯಿತು. ಆಯಾ ಊರಿನ ರೈತರನ್ನೇ ಅಗ್ಗದ ಕ್ಯಾಮರಾದಲ್ಲಿ ಚಿತ್ರೀಕರಿಸಿ ಸುತ್ತಿನ ಹಳ್ಳಿಗಳಲ್ಲಿ ತೋರಿಸಲಾಯಿತು. ತಮ್ಮಂಥ ರೈತನೇ ತಮ್ಮ ಮಾತಿನಲ್ಲಿ ಮಾಡಿ ತೋರಿಸಿದಾಗ ನೋಡುವವರಿಗೆ ನಂಬಿಕೆ ಬರುತ್ತದೆ. ನಂಬಿಕೆ ಹುಟ್ಟಿಸುವುದು ಮನುಷ್ಯ, ಯಂತ್ರವಲ್ಲ ಎಂಬುದನ್ನು ಮರೆಯಬಾರದು.

ಮೊದಲು ಫೋನ್, ಆಮೇಲೆ ಕ್ಯಾಮರಾ

ನಿಮ್ಮ ಗುಂಪಿನಲ್ಲಿ ಯಾರಲ್ಲಾದರೂ ಒಳ್ಳೆಯ ಮೊಬೈಲ್ ಫೋನ್ ಇದ್ದೇ ಇರುತ್ತದೆ. ಅದರಿಂದಲೇ ಮೊದಲ ಹತ್ತು ಪಾಠಗಳನ್ನು ಚಿತ್ರೀಕರಿಸಿ. ಹತ್ತು ಪಾಠ ಮುಗಿಸಲಾಗದ ಗುಂಪಿಗೆ ಕ್ಯಾಮರಾ ಕೊಡಿಸಿದರೂ ಹನ್ನೊಂದನೆಯದು ಹುಟ್ಟುವುದಿಲ್ಲ. ಮುಗಿಸಿದ ಗುಂಪಿಗೆ ತನಗೆ ಏನು ಕೊರತೆ ಎಂಬುದು ತಾನಾಗಿಯೇ ತಿಳಿದಿರುತ್ತದೆ. ಸಂಜೆ ಬೆಳಕಿನಲ್ಲಿ ಚಿತ್ರ ಮಂಕಾಗುವುದು, ಮಾತಿನ ನಡುವೆ ಫೋನ್ ಕರೆ ಬರುವುದು, ಒಂದೇ ಪಾಠದಲ್ಲಿ ಎಲೆಯ ಬಣ್ಣ ಮೂರು ಬಗೆಯಾಗಿ ಕಾಣುವುದು, ಇಂಥ ತೊಂದರೆಗಳು ಕಂಡಾಗ ಮಿರರ್‌ಲೆಸ್ ಕ್ಯಾಮರಾದ ಯೋಚನೆ ಮಾಡಬಹುದು.

ಮಿರರ್‌ಲೆಸ್ ಎಂದರೆ ಒಳಗೆ ಕನ್ನಡಿ ಇಲ್ಲದ ಕ್ಯಾಮರಾ. ಹಳೆಯ ಮಾದರಿಯ ಕ್ಯಾಮರಾಗಳಲ್ಲಿ ಕನ್ನಡಿಯೊಂದು ಬೆಳಕನ್ನು ಮೇಲಕ್ಕೆ ತಿರುಗಿಸಿ ಕಣ್ಣಿಗೆ ತೋರಿಸುತ್ತಿತ್ತು. ಇದರಲ್ಲಿ ಮಸೂರದಿಂದ ಬಂದ ಬೆಳಕು ನೇರವಾಗಿ ಸೆನ್ಸಾರ್ ಮೇಲೆ ಬೀಳುತ್ತದೆ. ಪರದೆಯ ಮೇಲೆ ಕಂಡ ಬೆಳಕು, ಬಣ್ಣಗಳೇ ಹೆಚ್ಚುಕಡಿಮೆ ದಾಖಲಾಗುತ್ತವೆ. ಆದ್ದರಿಂದ ವಿಡಿಯೋ ಕೆಲಸಕ್ಕೆ, ಅದರಲ್ಲೂ ಹೊಸಬರಿಗೆ, ಇದು ಅನುಕೂಲ.

ಯಾವುದಕ್ಕೆ ಹಣ ಕೊಡಬೇಕು?

ಎತ್ತು ಕೊಳ್ಳುವಾಗ ಹಲ್ಲು, ಗೊರಸು, ನಡಿಗೆ ನೋಡುತ್ತೇವೆಯೇ ಹೊರತು ಕೊಂಬಿಗೆ ಬಳಿದ ಬಣ್ಣಕ್ಕೆ ಬೆಲೆ ಕಟ್ಟುವುದಿಲ್ಲ. ಕ್ಯಾಮರಾಕ್ಕೂ ಅದೇ ಮಾತು. ಸ್ಟುಡಿಯೋ ಕೆಲಸಕ್ಕೆ ಈ ಕೆಳಗಿನ ಅಂಶಗಳು ಇರಲೇಬೇಕು.

1. ಹೊರಗಿನ ಮೈಕ್ ಜೋಡಿಸುವ ಕಿಂಡಿ. ಇದಿಲ್ಲದ ಕ್ಯಾಮರಾ ಎಷ್ಟು ಅಗ್ಗವಾದರೂ ಬೇಡ.

2. ಮುಂದಕ್ಕೆ ತಿರುಗುವ ಪರದೆ. ಒಬ್ಬರೇ ಕುಳಿತು ಮಾತನಾಡುವಾಗ ಚೌಕಟ್ಟು ಸರಿಯಿದೆಯೇ ಎಂದು ತಾವೇ ನೋಡಿಕೊಳ್ಳಬಹುದು.

3. ಮುಖವನ್ನೂ ಕೈಯಲ್ಲಿ ಹಿಡಿದ ವಸ್ತುವನ್ನೂ ತಾನಾಗಿ ಹುಡುಕಿ ಸ್ಪಷ್ಟಗೊಳಿಸುವ ಫೋಕಸ್. ತೆನೆಯನ್ನೋ ಎಲೆಯನ್ನೋ ಕ್ಯಾಮರಾದತ್ತ ಚಾಚಿದಾಗ ಅದು ಮಸುಕಾದರೆ ಪಾಠವೇ ಕೆಟ್ಟಂತೆ.

4. ಹೊರಗಿನ ವಿದ್ಯುತ್ತಿನಿಂದ ನಡೆಯುವ ಸೌಲಭ್ಯ. ಡಮ್ಮಿ ಬ್ಯಾಟರಿ ಹಾಕಿದರೂ ಸರಿ, ಯುಎಸ್‌ಬಿ ತಂತಿಯಿಂದಾದರೂ ಸರಿ.

5. ಸಾಕಷ್ಟು ಹೊತ್ತು ನಿಲ್ಲದೆ ದಾಖಲಿಸುವ ಶಕ್ತಿ. ಹಳೆಯ ಅನೇಕ ಕ್ಯಾಮರಾಗಳು 29 ನಿಮಿಷ 59 ಸೆಕೆಂಡಿಗೆ ನಿಂತುಬಿಡುತ್ತಿದ್ದವು. 30 ನಿಮಿಷ ದಾಟಿ ದಾಖಲಿಸುವ ಯಂತ್ರಗಳಿಗೆ ಯೂರೋಪಿನಲ್ಲಿದ್ದ ಹೆಚ್ಚಿನ ಸುಂಕವೇ ಇದಕ್ಕೆ ಮುಖ್ಯ ಕಾರಣವಾಗಿತ್ತು. ಎಂಟು ಹತ್ತು ನಿಮಿಷದ ಪಾಠಕ್ಕೆ ಇದು ಅಡ್ಡಿಯಾಗದು. ಹಿರಿಯ ರೈತರ ದೀರ್ಘ ಸಂದರ್ಶನಕ್ಕೆ ಅಡ್ಡಿಯಾಗುತ್ತದೆ.

ಇನ್ನು, ಕೈನಡುಕ ತಡೆಯುವ ವ್ಯವಸ್ಥೆ, ಮಳೆಗೆ ಜಗ್ಗದ ಕವಚ, ಕಣ್ಣಿಟ್ಟು ನೋಡುವ ಕಿಂಡಿ, ಫುಲ್ ಫ್ರೇಮ್ ಎನ್ನುವ ದೊಡ್ಡ ಸೆನ್ಸಾರ್, ಇವೆಲ್ಲ ಒಳ್ಳೆಯವೇ. ಆದರೆ ಮೂರುಕಾಲಿನ ಸ್ಟ್ಯಾಂಡಿನ ಮೇಲೆ, ಸೂರಿನ ಕೆಳಗೆ, ದೀಪ ಹಾಕಿ ಚಿತ್ರೀಕರಿಸುವವರಿಗೆ ಇವು ಬೇಕಿಲ್ಲ. ಬೇಡದ್ದಕ್ಕೆ ಬೆಲೆ ಕೊಡಬೇಡಿ.

ಮೂರು ಮಾದರಿಗಳ ಹೋಲಿಕೆ

ಕಡಿಮೆ ಬೆಲೆಯ ವರ್ಗದಲ್ಲಿ ಮೂರು ಮಾದರಿಗಳನ್ನು ಹೋಲಿಸಿ ನೋಡಬಹುದು. ಮೂರರಲ್ಲೂ ತಿರುಗುವ ಪರದೆ ಹಾಗೂ ಮೈಕ್ ಕಿಂಡಿ ಇವೆ.

ಸೋನಿ ಝಡ್‌ವಿ-ಇ10 (2021): ಹೆಡ್‌ಫೋನ್ ಕಿಂಡಿಯೂ ಇದೆ, ದಾಖಲಾಗುತ್ತಿರುವ ಧ್ವನಿಯನ್ನು ಅಲ್ಲೇ ಕೇಳಿ ಪರೀಕ್ಷಿಸಬಹುದು. ಕೈಯಲ್ಲಿ ಹಿಡಿದು ತೋರಿಸುವ ವಸ್ತುವಿನತ್ತ ಫೋಕಸ್ ತಿರುಗಿಸಲು ಪ್ರತ್ಯೇಕ ಗುಂಡಿ ಇದೆ. ಬ್ಯಾಟರಿ ಚಿಕ್ಕದು, ದೀರ್ಘಕಾಲ 4ಕೆಯಲ್ಲಿ ದಾಖಲಿಸಿದರೆ ಬಿಸಿಯಾಗುತ್ತದೆ.

ನಿಕಾನ್ ಝಡ್30 (2022): ಒಂದೇ ಸಲಕ್ಕೆ ಗರಿಷ್ಠ 125 ನಿಮಿಷ ದಾಖಲಿಸಬಲ್ಲದು. ಹೆಡ್‌ಫೋನ್ ಕಿಂಡಿ ಇಲ್ಲ.

ಕ್ಯಾನನ್ ಆರ್50 (2023): 4ಕೆ ಚಿತ್ರದ ಗುಣಮಟ್ಟ ಚೆನ್ನಾಗಿದೆ, ವಸ್ತು ತೋರಿಸುವ ವಿಧಾನವೂ ಇದೆ. ಒಂದು ಸಲಕ್ಕೆ ಒಂದು ಗಂಟೆಯ ಮಿತಿ ಇದೆ. ಇದಕ್ಕೂ ಹೆಡ್‌ಫೋನ್ ಕಿಂಡಿ ಇಲ್ಲ.

ನನ್ನನ್ನು ಕೇಳಿದರೆ, ಪಾಠಗಳೇ ಮುಖ್ಯವಾದ ಗುಂಪಿಗೆ ಮೊದಲನೆಯದು ಹೊಂದುತ್ತದೆ. ಧ್ವನಿ ಕೆಟ್ಟಿದ್ದು ಮನೆಗೆ ಹೋದ ಮೇಲೆ ತಿಳಿದರೆ ಇಡೀ ದಿನದ ಕೆಲಸ ನೀರಿನಲ್ಲಿ ಹೋಮ ಮಾಡಿದಂತೆ. ದೀರ್ಘ ಸಂದರ್ಶನಗಳೇ ಹೆಚ್ಚಿದ್ದರೆ ಎರಡನೆಯದು ಸರಿ. ಬಳಸಿದ ಕ್ಯಾಮರಾ ದೊರೆತರೂ ಅಡ್ಡಿಯಿಲ್ಲ. ಆದರೆ ಅರ್ಧ ಗಂಟೆ ಓಡಿಸಿ, ಮೈಕ್ ಕಿಂಡಿ ಅಲುಗಾಡುತ್ತದೆಯೇ, ಬಿಳಿ ಗೋಡೆಯ ಚಿತ್ರದಲ್ಲಿ ಕಲೆ ಇದೆಯೇ ಎಂದು ನೋಡಿ, ರಸೀದಿ ಸಹಿತ ಕೊಳ್ಳಬೇಕು. ಕೊಳ್ಳುವ ಮುನ್ನ ಚಿತ್ರದುರ್ಗದಲ್ಲೋ ಹೊಳಲ್ಕೆರೆಯಲ್ಲೋ ಮದುವೆ ಚಿತ್ರ ತೆಗೆಯುವವರಿಂದ ಒಂದು ದಿನ ಬಾಡಿಗೆಗೆ ತಂದು ನೋಡುವುದು ಇನ್ನೂ ಮೇಲು.

ಹಣದ ಹಂಚಿಕೆ

1 ಲಕ್ಷ ರೂಪಾಯಿಯಲ್ಲಿ ಕ್ಯಾಮರಾ ಮತ್ತು ಅದರೊಡನೆ ಬರುವ ಮಸೂರಕ್ಕೆ 65,000ಕ್ಕಿಂತ ಹೆಚ್ಚು ಹೋಗಬಾರದು. ದೀಪಗಳಿಗೆ 12,000, ಮೈಕುಗಳಿಗೆ 8,000, ಸ್ಟ್ಯಾಂಡಿಗೆ 5,000, ಮೆಮೊರಿ ಕಾರ್ಡ್, ಡಮ್ಮಿ ಬ್ಯಾಟರಿ ಮತ್ತು ದಾಖಲೆ ಉಳಿಸುವ ಡಿಸ್ಕಿಗೆ 10,000 ಮೀಸಲಿಡಿ. ಅಂಗಡಿಯ ಬೆಲೆ ಆಗಾಗ್ಗೆ ಬದಲಾಗುತ್ತದೆ. ಈ ಪ್ರಮಾಣ ಬದಲಾಗದಿರಲಿ. ಕ್ಯಾಮರಾದ ಬೆಲೆ ಏರಿದ್ದರೆ ಇನ್ನೂ ಕೆಳಗಿನ ಮಾದರಿಗೆ ಇಳಿಯಿರಿ. ಮೈಕಿನ ಹಣಕ್ಕೆ ಕೈಹಾಕಬೇಡಿ. ಚಿತ್ರ ಸ್ವಲ್ಪ ಮಂಕಾದರೂ ಜನ ನೋಡುತ್ತಾರೆ. ಮಾತು ಕೇಳದಿದ್ದರೆ ಅರ್ಧ ನಿಮಿಷವೂ ನಿಲ್ಲುವುದಿಲ್ಲ.

ಕೊಠಡಿಯ ಸಿದ್ಧತೆ

12 ಅಡಿ ಉದ್ದದ ಕೊಠಡಿ ಸಾಕು. ಮಾತನಾಡುವವರು ಗೋಡೆಯಿಂದ 3 ಅಡಿ ಮುಂದೆ ಕುಳಿತು, ಕ್ಯಾಮರಾ ಅವರಿಂದ 6ರಿಂದ 8 ಅಡಿ ದೂರವಿರಲಿ. ಆರ್‌ಸಿಸಿ ಸೂರಿನ ಕೊಠಡಿಯಲ್ಲಿ ಮಾತು ಗುಂಯ್‌ಗುಡುತ್ತದೆ. ಇದಕ್ಕೆ ದುಬಾರಿ ಫೋಮ್ ಬೇಕಿಲ್ಲ. ಚಳ್ಳಕೆರೆ ಕಡೆಯ ಕಂಬಳಿ, ಮನೆಯ ಕೌದಿ, ಗೋಣಿಚೀಲಗಳನ್ನು ಗೋಡೆಗೆ ಇಳಿಬಿಟ್ಟರೆ ಸಾಕಷ್ಟು ಗುಣ ಕಾಣುತ್ತದೆ. ಮೈಕನ್ನು ಗದ್ದದಿಂದ ಒಂದು ಗೇಣು ಕೆಳಗೆ ಸಿಕ್ಕಿಸಬೇಕು. ಫ್ಯಾನ್ ನಿಲ್ಲಿಸಬೇಕು.

ನಮ್ಮ ವಿದ್ಯುತ್ತು 50 ಹರ್ಟ್ಸ್‌ನದು. ಆದ್ದರಿಂದ ಕ್ಯಾಮರಾವನ್ನು ಸೆಕೆಂಡಿಗೆ 25 ಚೌಕಟ್ಟು, ಷಟರ್ ವೇಗ 1/50ಕ್ಕೆ ಹೊಂದಿಸಿ. ಇಲ್ಲದಿದ್ದರೆ ದೀಪದ ಬೆಳಕು ಮಿಣುಕಿ ಚಿತ್ರದಲ್ಲಿ ಪಟ್ಟೆಗಳು ಓಡುತ್ತವೆ. ಎಲ್‌ಇಡಿ ದೀಪ ಕೊಳ್ಳುವಾಗ ಬಣ್ಣದ ನಿಷ್ಠೆಯ ಅಂಕ 95ರ ಮೇಲಿರುವುದನ್ನು ಆರಿಸಿ. ನಮಗೆ ಇದು ಅಲಂಕಾರದ ಮಾತಲ್ಲ. ಸಾರಜನಕದ ಕೊರತೆಯಾದರೆ ಹಳೆಯ ಎಲೆ ಮೊದಲು ಹಳದಿಯಾಗುತ್ತದೆ. ಕಬ್ಬಿಣದ ಕೊರತೆಯಾದರೆ ಎಳೆಯ ಎಲೆ. ದೀಪವೇ ಹಸಿರನ್ನು ಹಳದಿ ಮಾಡಿ ತೋರಿಸಿದರೆ ನೋಡಿದ ರೈತ ಬೇಡದ ಗೊಬ್ಬರ ತಂದು ಸುರಿಯುತ್ತಾನೆ. ಕ್ಯಾಮರಾದ ವೈಟ್ ಬ್ಯಾಲೆನ್ಸನ್ನು ಬಿಳಿ ಕಾಗದ ಹಿಡಿದು ಒಮ್ಮೆ ಹೊಂದಿಸಿ ಅಲ್ಲಿಗೇ ನಿಲ್ಲಿಸಬೇಕು.

ಜೊತೆಗೆ ಬರುವ ಮಸೂರಗಳು ಸಾಮಾನ್ಯವಾಗಿ ಒಂದರಿಂದ ಒಂದೂವರೆ ಗೇಣಿಗಿಂತ ಹತ್ತಿರದ ವಸ್ತುವನ್ನು ಸ್ಪಷ್ಟವಾಗಿ ಹಿಡಿಯಲಾರವು. ಹುಳುವಿನ ತಲೆಯ ಗುರುತನ್ನು ತೋರಿಸಲು ಫೋನಿನಲ್ಲೇ ಬೇರೆಯಾಗಿ ತೆಗೆದು ಸೇರಿಸಿ.

4ಕೆಯಲ್ಲಿ ಸೆಕೆಂಡಿಗೆ 100 ಮೆಗಾಬಿಟ್ಟಿನಂತೆ ದಾಖಲಿಸಿದರೆ ಗಂಟೆಗೆ 45 ಜಿಬಿ ತುಂಬುತ್ತದೆ. ನೋಡುವವರು ಫೋನಿನಲ್ಲಿ ನೋಡುವುದರಿಂದ ಫುಲ್ ಎಚ್‌ಡಿ ಸಾಕು. ಕಾರ್ಡಿಗೂ ಕಂಪ್ಯೂಟರಿಗೂ ಹೊರೆ ಕಡಿಮೆ.

ಕೊನೆಯ ಎರಡು ಎಚ್ಚರಿಕೆಗಳು

ಮೊದಲನೆಯದು, ಕ್ಯಾಮರಾ ಸಂಘದ ದಾಸ್ತಾನು ಪುಸ್ತಕದಲ್ಲಿ ಇರಬೇಕು. ಯಾರು ಯಾವ ದಿನ ಒಯ್ದರು, ತಂದರು ಎಂದು ಬರೆಯಬೇಕು. ಪದಾಧಿಕಾರಿಯ ಮನೆಯ ಬೀರುವಿನಲ್ಲಿ ಕುಳಿತು ಮದುವೆಗೆ ಮಾತ್ರ ಹೊರಬರುವ ಕ್ಯಾಮರಾದಿಂದ ಸದಸ್ಯರಿಗೆ ಪ್ರಯೋಜನವಿಲ್ಲ.

ಎರಡನೆಯದು, ಔಷಧದ ಪ್ರಮಾಣ ಹೇಳುವ ಯಾವ ಪಾಠವನ್ನೂ ತಜ್ಞರಿಗೆ ತೋರಿಸದೆ ಹಂಚಬಾರದು. ಹಿರಿಯೂರಿನ ಬಬ್ಬೂರು ಫಾರಂನಲ್ಲಿ ಕೃಷಿ ವಿಜ್ಞಾನ ಕೇಂದ್ರವಿದೆ. ಅಲ್ಲಿನ ವಿಜ್ಞಾನಿಗಳಿಗೆ ತೋರಿಸಿ ಒಪ್ಪಿಗೆ ಪಡೆಯಿರಿ. ಬಾಯಿತಪ್ಪಿದ ಮಾತು ಒಬ್ಬರಿಗೆ ಕೇಳುತ್ತದೆ. ದಾಖಲಾದ ತಪ್ಪು ನೂರು ಹೊಲಗಳಿಗೆ ಇಳಿಯುತ್ತದೆ.

ಬಾಂಧವರೇ, ರಾಗಿಯ ಬೀಜಕ್ಕೆ ಯಾವ ತೆನೆ ಆರಿಸಬೇಕು, ಸೊಸಿಗೆ ಯಾವ ಅಡಿಕೆ ಗೋಟು ಇಡಬೇಕು ಎಂಬುದನ್ನು ಬಲ್ಲ ಹಿರಿಯ ತಾಯಂದಿರು, ಹಿರಿಯರು ನಮ್ಮ ಊರುಗಳಲ್ಲಿದ್ದಾರೆ. ಅವರ ತಿಳಿವಳಿಕೆ ಅವರೊಡನೆಯೇ ಹೋಗುತ್ತಿದೆ. ಮುಂದಿನ ವರ್ಷ ಬರುವ ಉತ್ತಮ ಕ್ಯಾಮರಾಕ್ಕಾಗಿ ಅವರು ಕಾಯಲಾರರು. ಇರುವುದರಲ್ಲಿ ಹೊಂದುವಂಥದ್ದನ್ನು ಆರಿಸಿ, ಈ ಹಂಗಾಮಿನಲ್ಲೇ ಅವರನ್ನು ಕ್ಯಾಮರಾದ ಮುಂದೆ ಕೂರಿಸಿ.