ಒಂದು ಸಹಿಯ ಹೊಣೆ

ಕಡೂರಿನ ಸಂತೆಯಲ್ಲಿ ತೆಂಗಿನಕಾಯಿ ಕೊಳ್ಳುವ ಹಿರಿಯರನ್ನು ಗಮನಿಸಿದ್ದೀರಾ? ಅವರು ಕಾಯನ್ನು ಕಿವಿಯ ಬಳಿ ಹಿಡಿದು ಅಲ್ಲಾಡಿಸುತ್ತಾರೆ. ಬೆರಳಿನ ಗೆಣ್ಣಿನಿಂದ ತಟ್ಟುತ್ತಾರೆ. ಬಿರುಕುಂಟೇ ಎಂದು ತಿರುಗಿಸಿ ನೋಡುತ್ತಾರೆ. ಕಾಯನ್ನು ಒಡೆಯದೆಯೇ ಅದರ ಒಳಗನ್ನು ಅರಿಯಬೇಕು. ವಿಮಾನದ ಬಿಡಿಭಾಗಗಳನ್ನು ತಯಾರಿಸುವಲ್ಲಿ ಗುಣಮಟ್ಟದ ಎಂಜಿನಿಯರು ಮಾಡುವ ಕೆಲಸವೂ ಬಹುಮಟ್ಟಿಗೆ ಇದೇ ಎಂದು ನನಗೆ ತಿಳಿಸಿಕೊಟ್ಟವನು ನನ್ನ ಹಳೆಯ ವಿದ್ಯಾರ್ಥಿ. ಕಡೂರಿನಲ್ಲಿ ಓದಿದ ಆತ ಇಂದು ಬೆಂಗಳೂರಿನ ಒಂದು ಕಾರ್ಖಾನೆಯಲ್ಲಿ ಆ ಕೆಲಸದಲ್ಲಿದ್ದಾನೆ.

ಬೆಂಗಳೂರಿಗೂ ವಿಮಾನಗಳಿಗೂ ಹಳೆಯ ನಂಟು. 1940ರಲ್ಲಿ ವಾಲ್‌ಚಂದ್ ಹೀರಾಚಂದರು ಮೈಸೂರು ಸಂಸ್ಥಾನದ ನೆರವಿನಿಂದ ಅಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಯನ್ನು ಸ್ಥಾಪಿಸಿದರು. 1951ರಲ್ಲಿ ಎಚ್.ಟಿ.-2 ತರಬೇತಿ ವಿಮಾನವೂ, 2001ರ ಜನವರಿ 4ರಂದು, ಮುಂದೆ 'ತೇಜಸ್' ಎಂದು ಹೆಸರಾದ ಯುದ್ಧವಿಮಾನವೂ ಅಲ್ಲಿಂದಲೇ ಮೊದಲ ಬಾರಿಗೆ ಮೇಲೇರಿದವು. ಅವುಗಳನ್ನು ರೂಪಿಸಿದವರನ್ನೂ ಹಾರಿಸಿದವರನ್ನೂ ನಾವು ಕೊಂಡಾಡುತ್ತೇವೆ. ಒಂದೊಂದು ಭಾಗವನ್ನೂ ಅಳೆದು ಸಹಿ ಹಾಕಿದವರ ಹೆಸರಾದರೋ ಕಡತಗಳಲ್ಲಿಯೇ ಉಳಿಯುತ್ತದೆ.

ಆ ಸಹಿ ಸುಲಭವಾದುದಲ್ಲ. ಲೋಹವು ಬಿಸಿಗೆ ಹಿಗ್ಗುತ್ತದೆ; ಆದುದರಿಂದ ಅಳತೆಯ ಕೋಣೆಯನ್ನು 20 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಇರಿಸುತ್ತಾರೆ. ಅಲ್ಲಿನ ಲೆಕ್ಕ ಮೈಕ್ರಾನುಗಳಲ್ಲಿ, ಎಂದರೆ ಮಿಲಿಮೀಟರಿನ ಸಾವಿರದ ಒಂದು ಪಾಲಿನಲ್ಲಿ. ಒಳಗಿನ ದೋಷವನ್ನು ಶ್ರವಣಾತೀತ ತರಂಗಗಳಿಂದ ಹುಡುಕುತ್ತಾರೆ. ಮೇಲ್ಮೈಗೆ ಬಣ್ಣದ ದ್ರವವನ್ನು ಸವರಿ ಒರೆಸಿದಾಗ ಸೂಕ್ಷ್ಮ ಬಿರುಕಿನಲ್ಲಿ ಉಳಿದ ಬಣ್ಣವೇ ಅದರ ಗುಟ್ಟನ್ನು ಹೊರಗೆಡಹುತ್ತದೆ. ಅಳೆಯುವ ಉಪಕರಣಗಳನ್ನೂ ಕಾಲಕಾಲಕ್ಕೆ ಪರೀಕ್ಷೆಗೆ ಒಡ್ಡಬೇಕು.

ಒಮ್ಮೆ ಊರಿಗೆ ಬಂದಾಗ ಅವನ ಮುಖ ಬಾಡಿತ್ತು. ಅಳತೆ ತಪ್ಪಿದ ಕೆಲವು ಭಾಗಗಳನ್ನು ಅವನು ತಡೆಹಿಡಿದಿದ್ದನಂತೆ. "ಕಣ್ಣಿಗೇ ಕಾಣದ ವ್ಯತ್ಯಾಸಕ್ಕೆ ಇಷ್ಟು ರಗಳೆಯೇ ಎಂದು ಎಲ್ಲರೂ ಸಿಡುಕಿದರು, ಮೇಷ್ಟ್ರೇ" ಎಂದ.

ಸಿಡುಕಿದವರ ಮಾತಿನಲ್ಲಿ ಹುರುಳಿಲ್ಲವೆನ್ನಲಾಗದು. ತಡವಾದರೆ ನಷ್ಟ, ಬಿಸುಟ ಲೋಹವೂ ದುಡ್ಡೇ. ಆದರೆ ತಡೆಹಿಡಿಯುವುದೆಂದರೆ ಬಿಸಾಡುವುದಲ್ಲ. ದೋಷವನ್ನು ದಾಖಲಿಸಿ, ವಿನ್ಯಾಸವನ್ನು ಬಲ್ಲವರ ಮುಂದಿಡಬೇಕು. ಬಳಸಬಹುದೇ, ತಿದ್ದಬಹುದೇ, ತ್ಯಜಿಸಬೇಕೇ ಎಂಬುದನ್ನು ಅವರು ತೀರ್ಮಾನಿಸುತ್ತಾರೆ. ಮುಚ್ಚಿಟ್ಟ ದೋಷಕ್ಕೆ ಮಾತ್ರ ಇಂಥ ವಿಚಾರಣೆಯೇ ಇಲ್ಲ.

ಕಣ್ಣಳತೆಯನ್ನು ನಂಬಿದರೆ ಏನಾದೀತೆಂಬುದಕ್ಕೆ 1990ರ ಜೂನ್ 10ರ ಒಂದು ಘಟನೆಯೇ ಸಾಕ್ಷಿ. ಬ್ರಿಟನ್ನಿನ ಪ್ರಯಾಣಿಕ ವಿಮಾನವೊಂದು 17,300 ಅಡಿ ಎತ್ತರದಲ್ಲಿದ್ದಾಗ ಅದರ ಮುಂಗಾಜು ಕಳಚಿ ಹಾರಿತು. ಮುಖ್ಯ ಚಾಲಕನ ಅರ್ಧ ದೇಹ ಹೊರಕ್ಕೆ ಸೆಳೆಯಲ್ಪಟ್ಟಿತು. ಸಿಬ್ಬಂದಿ ಆತನನ್ನು ಬಿಗಿಯಾಗಿ ಹಿಡಿದುಕೊಂಡರು. ಸಹಚಾಲಕನು ವಿಮಾನವನ್ನು ಇಳಿಸಿದನು. ಪುಣ್ಯವಶಾತ್ ಎಲ್ಲರೂ ಬದುಕಿದರು. ಆ ಗಾಜನ್ನು ಕೂರಿಸಿ 27 ಗಂಟೆಗಳಷ್ಟೇ ಕಳೆದಿದ್ದವು. 90 ಬೋಲ್ಟುಗಳಲ್ಲಿ 84ರ ವ್ಯಾಸವು ಇರಬೇಕಾದುದಕ್ಕಿಂತ ಒಂದು ಮಿಲಿಮೀಟರಿಗೂ ಕಡಿಮೆ ಅಂತರದಷ್ಟು ಸಣ್ಣದಾಗಿತ್ತು. ಅವುಗಳನ್ನು ಹಳೆಯ ಬೋಲ್ಟಿನೊಡನೆ ಕಣ್ಣಿನಿಂದ ಹೋಲಿಸಿ ಆರಿಸಲಾಗಿತ್ತು. ಆ ಕೆಲಸವನ್ನು ಇನ್ನೊಬ್ಬರು ಪರೀಕ್ಷಿಸಬೇಕೆಂಬ ನಿಯಮವೂ ಇರಲಿಲ್ಲ.

ಇದನ್ನು ಅರಿತಾಗ ನನಗೆ ನನ್ನ ಸಹಿಗಳು ನೆನಪಾದವು. ಅಕ್ಷರ ಕೂಡಿಸಿ ಓದಲು ತಡವರಿಸುವ ಹುಡುಗನನ್ನು, 'ಮುಂದಿನ ತರಗತಿಯಲ್ಲಿ ಹೇಗೋ ಕಲಿತಾನು' ಎಂದು ತೇರ್ಗಡೆ ಮಾಡಿದ್ದುಂಟು. ಅದನ್ನು ಕರುಣೆಯೆಂದೇ ಭಾವಿಸಿದ್ದೆ. ಮುಂದಿನ ತರಗತಿಯ ಮೇಷ್ಟರೂ ಹಾಗೆಯೇ ಭಾವಿಸಿದರೆ ಆ ಹುಡುಗನ ಗತಿಯೇನು? ಅವನನ್ನು ಅನುತ್ತೀರ್ಣಗೊಳಿಸಬೇಕಿತ್ತೆಂದು ನಾನು ಹೇಳುವುದಿಲ್ಲ. ಕೊರತೆಯನ್ನು ಬರೆದಿಟ್ಟು, ಸಂಜೆ ಕೂರಿಸಿಕೊಂಡು ಕಲಿಸಬೇಕಿತ್ತು. ಸಹಿ ಹಾಕಿ ನಾನು ಕೈತೊಳೆದುಕೊಂಡೆ.

'ಹೇಗೋ ನಡೆಯುತ್ತದೆ' ಎಂಬ ಮಾತು ನಮ್ಮಲ್ಲಿ ಬಲು ಸಲೀಸು. ಸೇತುವೆ, ಔಷಧಿ, ಪಾಠ ಯಾವುದೂ ಅದರಿಂದ ಪಾರಾಗಿಲ್ಲ. ಅದಕ್ಕೆ ಒಪ್ಪದವನನ್ನು ನಾವು ಹಟಮಾರಿಯೆಂದು ಜರೆಯುತ್ತೇವೆ. ನನ್ನ ಅಭಿಪ್ರಾಯದಲ್ಲಿ ಅಂಥವನೇ ಮನ್ನಣೆಗೆ ಅರ್ಹ. ಸಂತೆಯ ಹಿರಿಯರು ಕೆಟ್ಟ ಕಾಯನ್ನು ಪಕ್ಕಕ್ಕಿಡುವುದು ಮಾರುವವನ ಮೇಲಿನ ಕೋಪದಿಂದಲ್ಲ. ಮನೆಯಲ್ಲಿ ಉಣ್ಣುವವರನ್ನು ನೆನೆದು. ನನ್ನ ವಿದ್ಯಾರ್ಥಿಯು ನೆನೆಯುವುದು ತಾನೆಂದೂ ಕಾಣದ ಪ್ರಯಾಣಿಕನನ್ನು.