ಸೊಸೆಯೊಬ್ಬಳನ್ನೇ ದೂರುವುದೇಕೆ?

ಮದುವೆಯಾಗಿ ಎರಡು ವರ್ಷ ಕಳೆದೂ ತೊಟ್ಟಿಲು ತೂಗದಿದ್ದರೆ ನಮ್ಮ ಗಡಿನಾಡಿನ ಮನೆಗಳಲ್ಲಿ ದೂರು ಮೊದಲು ಸೊಸೆಯ ಮೇಲೆ. ಹರಕೆ, ಆಶ್ಲೇಷಾ ಬಲಿ, ಮಂಗಳೂರಿನ ಆಸ್ಪತ್ರೆ, ಎಲ್ಲಕ್ಕೂ ಅವಳೇ ಅಲೆಯಬೇಕು. ಮಗನನ್ನೂ ಪರೀಕ್ಷಿಸಿ ಎನ್ನುವವರಿಲ್ಲ. ಇದು ಅನ್ಯಾಯ ಮಾತ್ರವಲ್ಲ, ಅವಿವೇಕವೂ ಹೌದು.

ಮಕ್ಕಳಾಗದ ದಂಪತಿಗಳಲ್ಲಿ ಸುಮಾರು ಅರ್ಧದಷ್ಟು ಕಡೆ ಗಂಡಸಿನ ದೋಷವೂ ಸೇರಿರುತ್ತದೆಂದು ವೈದ್ಯಶಾಸ್ತ್ರ ಹೇಳುತ್ತದೆ. ಹೆಣ್ಣಿನಲ್ಲಿ ಅಂಡ ಬಿಡುಗಡೆಯ ಏರುಪೇರು, ಸೋಂಕು ಅಥವಾ ಕ್ಷಯದಿಂದ ಗರ್ಭನಾಳ ಮುಚ್ಚುವುದು, ಥೈರಾಯ್ಡ್ ತೊಂದರೆ ಕಾರಣವಾಗಬಹುದು. ಗಂಡಿನಲ್ಲಿ ವೀರ್ಯಾಣುಗಳ ಕೊರತೆ, ಅವುಗಳ ಮಂದ ಚಲನೆ, ವೃಷಣದ ರಕ್ತನಾಳಗಳ ಊತ, ಪ್ರಾಯಕ್ಕೆ ಬಂದ ಮೇಲೆ ತಗಲಿದ ಮಂಗನಬಾವು ಕಾರಣವಾಗಬಹುದು. ಬೀಡಿ, ಮದ್ಯಗಳೂ ಕೆಡಿಸುತ್ತವೆ. ಗಟ್ಟಿಮುಟ್ಟಾದ ಆಳಿನಲ್ಲೂ ಈ ದೋಷ ಇರಬಹುದು. ಅದರಿಂದ ಗಂಡಸುತನಕ್ಕೆ ಕುಂದಿಲ್ಲ.

ವೀರ್ಯ ಪರೀಕ್ಷೆಯಲ್ಲಿ ನೋವಿಲ್ಲ, ಹೆಚ್ಚು ಖರ್ಚೂ ಇಲ್ಲ. ಒಂದು ವರ್ಷ ಕಾದು, ಹೆಂಡತಿಗೆ 35 ದಾಟಿದ್ದರೆ 6 ತಿಂಗಳಲ್ಲೇ, ಇಬ್ಬರೂ ಜೊತೆಯಾಗಿ ವೈದ್ಯರಲ್ಲಿಗೆ ಹೋಗಲಿ. ಹರಕೆ ಹೊರುವವರು ಹೊರಲಿ, ನಮ್ಮ ತಕರಾರಿಲ್ಲ. ಹಿರಿಯರಲ್ಲಿ ನಾವು ಕೇಳುವುದಿಷ್ಟೆ: ಎರಡನೆಯ ಸಂಬಂಧದ ಮಾತೆತ್ತುವ ಮೊದಲು ಮಗನ ಪರೀಕ್ಷೆಯ ಚೀಟಿಯನ್ನೊಮ್ಮೆ ನೋಡಿ.