ಕೋಡ್ ಬರೆದವರ ಹೆಸರು ಇದೆ, ನೋಡಿದವರದ್ದು?



ಸಾಫ್ಟ್‌ವೇರ್ ತಂಡಗಳಲ್ಲಿ ಒಬ್ಬರು ಬರೆದ ಕೋಡನ್ನ ಇನ್ನೊಬ್ಬರು ನೋಡಿ ಒಪ್ಪಿದ ಮೇಲೇ ಸೇರಿಸೋದು ವಾಡಿಕೆ. ಅದಕ್ಕೆ ರಿವ್ಯೂ ಅಂತಾರೆ. ಯಾರದ್ದನ್ನ ಯಾರು ನೋಡಿದ್ರು ಅಂತ ಲೆಕ್ಕ ಇಡಿ ಅಂದ್ರೆ ಕೆಲವರಿಗೆ ಸಿಟ್ಟು. "ಕೋಡ್‌ಗೆ ಎಲ್ಲಿಯ ಜಾತಿ?"

ಕೋಡ್‌ಗಿಲ್ಲ ಸ್ವಾಮಿ, ನೋಡೋ ಕಣ್ಣಿಗಿದೆ. ಗೂಗಲ್‌ನಲ್ಲಿ ಹೆಂಗಸರ, ಕಪ್ಪು ಜನರ ಕೋಡ್‌ಗೆ ರಿವ್ಯೂನಲ್ಲಿ ತಕರಾರು ಜಾಸ್ತಿ ಅಂತ ಅಲ್ಲಿನ ಸಂಶೋಧಕರೇ 2022ರಲ್ಲಿ ಪ್ರಕಟಿಸಿದರು. ಜಾತಿಯನ್ನ ಅದರಲ್ಲಿ ಅಳೆದಿರಲಿಲ್ಲ. ಆದರೆ ಅಷ್ಟಾದರೂ ಹೊರಬಿದ್ದಿದ್ದು ದಾಖಲೆ ಇದ್ದದ್ದರಿಂದ.

ನಾನು ಗುಮಾಸ್ತ. ಕಡತ ಯಾರ ಮೇಜಿನ ಮೇಲೆ ಎಷ್ಟು ದಿನ ಕೂತಿತ್ತು ಅನ್ನೋದನ್ನ ಟಿಪ್ಪಣಿ ಹಾಳೆಯ ಸಹಿ, ತಾರೀಖು ಹೇಳುತ್ತವೆ. ಸಹಿ ಇಲ್ಲದ ಕಡೆ ಬಾಯಿಮಾತಿನದ್ದೇ ದರ್ಬಾರು. ಕೋಡ್ ಕಾಪಾಡೋ ಗಿಟ್ ಕೂಡ ಬರೆದವರ, ಸೇರಿಸಿದವರ ಹೆಸರನ್ನ ತಾನಾಗಿ ಇಡುತ್ತೆ, ನೋಡಿದವರದ್ದನ್ನ ಇಡಲ್ಲ. ಅದಕ್ಕೇ ಲಿನಕ್ಸ್ ಕರ್ನಲ್‌ನವರು 'ರಿವ್ಯೂಡ್-ಬೈ' ಅಂತ ಒಂದು ಸಾಲು ಬರೀತಾರೆ.

ಹೆಸರು ಬರೆದಿಟ್ಟರೆ ಸಾಲದು, ಎಣಿಸಬೇಕು. ಯಾರ ಕೋಡ್ ದಿನಗಟ್ಟಲೆ ಕಾಯುತ್ತೆ? ಯಾರದ್ದು ಪದೇ ಪದೇ ವಾಪಸ್ ಬರುತ್ತೆ? ಮುಖ್ಯವಾಗಿ, ನೋಡೋ ಕುರ್ಚಿಯಲ್ಲಿ ಯಾರನ್ನ ಕೂರಿಸೋದೇ ಇಲ್ಲ? 'ಮೆರಿಟ್' ಅನ್ನೋರು ಇದಕ್ಕೆ ಉತ್ತರ ಕೊಡಲಿ.

ಈ ಲೆಕ್ಕ ಮ್ಯಾನೇಜರ್ ಕೈಯ ಚಾಟಿ ಆಗಬಾರದು. ತಂಡದ ಎಲ್ಲರಿಗೂ ಕಾಣಬೇಕು. ಅದರಲ್ಲಿ ಯಾರ ಜಾತಿಯನ್ನೂ ಬರೆಯೋದು ಬೇಡ. ದೂರು ಕೊಡೋರ ಕೈಯಲ್ಲಿ ತಾರೀಖು ಇದ್ದರೆ ಸಾಕು, "ನಿನಗೆ ಹಾಗನ್ನಿಸುತ್ತೆ ಅಷ್ಟೇ" ಅಂತ ತಳ್ಳಿಹಾಕೋದು ಕಷ್ಟ.

ಐಟಿಯಲ್ಲಿರೋ ನಮ್ಮ ತಮ್ಮ ತಂಗಿಯರೇ, ಮುಂದಿನ ಮೀಟಿಂಗ್‌ನಲ್ಲಿ ಈ ಲೆಕ್ಕ ಕೇಳಿ.